ನೂರಿಪ್ಪತ್ತು ಮಾರಿನ ಹಗ್ಗ

ಆ ಊರಿಗೆ ಚರಿತ್ರೆಯ ಪುಸ್ತಕವಿರಲಿಲ್ಲ, ಹಡಗಿತ್ತು. ಸಭಾಮಂಟಪದ ನಡುವೆ, ಕಲ್ಲಿನ ಕಟ್ಟೆಯ ಮೇಲೆ, ಮೂರೂವರೆ ಮೊಳ ಉದ್ದದ ಮಾದರಿ ಹಡಗು. ಊರು ಕಟ್ಟಿದ ಹಿರಿಯರು ಬಂದ ಹಡಗಿನ ಪಡಿಯಚ್ಚು ಅದು. ಹಿರಿಯರು ಯಾತ್ರೆಗೆ ಹೊರಟವರಂತೆ. ದೊಡ್ಡ ಮೀನೊಂದು ಮುಂದೆ ಈಜುತ್ತ ದಾರಿ ತೋರಿಸಿತಂತೆ. ಅದು ನಿಂತ ಕಡೆ ಅವರು ಇಳಿದರಂತೆ, ಹಡಗನ್ನು ಬಿಚ್ಚಿ ಅದರ ಮರದಿಂದಲೇ ಈ ಮಂಟಪ ಕಟ್ಟಿದರಂತೆ. ಇಷ್ಟು ಹೇಳಿ ಊರಿನವರು ಕೈ ಮುಗಿಯುತ್ತಿದ್ದರು.

ಅಲ್ಲಿನ ಕಟ್ಟಳೆ ಒಂದೇ. ಮಾದರಿಯಲ್ಲಿ ಇರುವುದು ನಡೆದದ್ದು, ಇಲ್ಲದ್ದು ನಡೆದೇ ಇಲ್ಲ. ಹುಟ್ಟಿದ ಮಗುವಿಗೆ ಹೆಸರಿಡುವ ದಿನ ಮಾದರಿಯ ಒಂದು ಭಾಗಕ್ಕೆ ನೂಲು ಕಟ್ಟುತ್ತಿದ್ದರು. ಮನೆತನಕ್ಕೊಂದು ಭಾಗ. ಚುಕ್ಕಾಣಿಯವರು, ಹಾಯಿಕಂಬದವರು, ಪೀಠದವರು ಅಂತಲೇ ಜನರನ್ನು ಕರೆಯುತ್ತಿದ್ದದ್ದು. ಸತ್ತಾಗ ಹೆಣ ಗುಡ್ಡ ಹತ್ತಬೇಕಾದರೆ ಬುಡದಲ್ಲಿ ಕಾವಲಿನವನು ಕೇಳುತ್ತಿದ್ದ: "ಯಾವ ಭಾಗ?" ಉತ್ತರ ಇದ್ದವರಿಗೆ ಗುಡ್ಡದ ಮೇಲೆ ಮಣ್ಣು, ತಲೆಯ ಬಳಿ ಕಲ್ಲು. ಉತ್ತರ ಇಲ್ಲದವರನ್ನು ಇಳಿತದ ಹೊತ್ತಿಗೆ ಕಡಲಂಚಿನ ಕೆಸರಿನಲ್ಲಿ ಇಟ್ಟು ಬರುತ್ತಿದ್ದರು. ಭರತ ಬಂದು ಒಯ್ಯುತ್ತಿತ್ತು.

ಉತ್ತರ ಇಲ್ಲದ ಮನೆಗಳು ಆರು. ಆರೂ ಹಗ್ಗ ಹೊಸೆಯುವವರ ಮನೆಗಳು. ಅವರು ಮಂಟಪದ ಹೊಸ್ತಿಲು ದಾಟುವಂತಿರಲಿಲ್ಲ. ಅಂಗಳದಲ್ಲಿ, ಬಾಗಿಲಿನಿಂದ ಒಂದು ಮಾರು ದೂರದಲ್ಲಿ, ನಿಲ್ಲುವುದಕ್ಕೆ ಅವರಿಗೊಂದು ಜಾಗ ತೋರಿಸಿದ್ದರು. ಎಲ್ಲಿಂದ ಬಂದರೋ ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದರು. ಗೊತ್ತಿಲ್ಲ ಎನ್ನುವುದು ಎಷ್ಟು ಸಲೀಸು!

ಹನ್ನೆರಡು ವರ್ಷಕ್ಕೊಮ್ಮೆ ಗೆದ್ದಲು ತಿಂದ ಮಾದರಿಯನ್ನು ಕಡಲಿಗೆ ಬಿಟ್ಟು ಹೊಸದನ್ನು ಕೂರಿಸಬೇಕು. ಅದನ್ನು ಕಟ್ಟುವುದು ಬಡಗಿಯ ಮನೆತನದ ಕೆಲಸ. ಅಪ್ಪ ಹಳೆಯದನ್ನು ಮುಂದಿಟ್ಟುಕೊಂಡು ಹೊಸದನ್ನು ಕಟ್ಟಿದ್ದ, ಅಜ್ಜ ಅದಕ್ಕೂ ಹಳೆಯದನ್ನು ಮುಂದಿಟ್ಟುಕೊಂಡು. ಈ ಸಲದ ಬಡಗಿ ಬೇರೆ ಥರದವನು. ಅವನಿಗೆ ಸುಮಾರು ಎನ್ನುವ ಮಾತೇ ಆಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಎಲೆ ಸೊಟ್ಟಗಿದ್ದರೆ ಎದ್ದು ನೇರ ಮಾಡಿಕೊಂಡು ಕೂರುತ್ತಿದ್ದ. ಹೆಂಡತಿ, "ಅನ್ನಕ್ಕೇನು ದಿಕ್ಕು ಗೊತ್ತಾಗುತ್ತಾ?" ಎಂದು ನಗುತ್ತಿದ್ದಳು.

ಅವನು ಹಳೆಯ ಮಾದರಿಯನ್ನು ನೋಡಲಿಲ್ಲ. ತಲೆಯೆತ್ತಿ ಮಂಟಪದ ಚಾವಣಿ ನೋಡಿದ. ಹಡಗಿನ ನಿಜವಾದ ಮರ ಅಲ್ಲಿತ್ತು. ಏಣಿ ಹಾಕಿ, ಗಂಟು ಹಾಕಿದ ದಾರ ಹಿಡಿದು ಹತ್ತಿದ. ಅಳೆದ, ಬರೆದುಕೊಂಡ, ಇಳಿದ. ಮತ್ತೆ ಹತ್ತಿ ಅದನ್ನೇ ಅಳೆದ.

ಹಡಗಿನ ಅಂಚಿನ ತೊಲೆಯಲ್ಲಿ ದೋಣಿ ನೇತುಹಾಕಲು ಹೊರಚಾಚುವ ಮರದ ಕೈಗಳಿಗಾಗಿ ಕೊರೆದ ತೂತುಗಳಿದ್ದವು. ದೋಣಿಯೊಂದಕ್ಕೆ ಎರಡು. ಮಾದರಿಯಲ್ಲಿ ಯಾವಾಗಲೂ ನಾಲ್ಕು ದೋಣಿ, ಆದ್ದರಿಂದ ಎಂಟು ತೂತು ಇರಬೇಕು. ಎಂಟು ಇದ್ದವು. ಅವುಗಳ ಆಚೆ, ಅಷ್ಟೇ ಅಂತರದಲ್ಲಿ, ಬಣ್ಣದ ಅಡಿಯಲ್ಲಿ ಇನ್ನೆರಡು ಗುಂಡನೆಯ ಗುರುತು ಕಂಡವು. ಉಗುರಿನಿಂದ ಕೆರೆದ. ತೂತಿಗೆ ಮರದ ಬೆಣೆ ಬಡಿದು, ಸಮ ಮಾಡಿ, ಮೇಲೆ ಬಣ್ಣ ಬಳಿದಿದ್ದರು. ಒಂದು ಬೆಣೆಯನ್ನು ಉಳಿಯಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡ.

ಐದನೆಯ ದೋಣಿ ಇತ್ತು. ಇತ್ತು ಅಂತ ಗೊತ್ತಿದ್ದ ಕೈಯೊಂದು ಅದನ್ನು ಮುಚ್ಚಿತ್ತು.

ಕಾವೇರಿದ ಅವನು ಮನೆಗೆ ಬಂದವನೇ ಬೆಣೆಯನ್ನು ಹೆಂಡತಿಯ ಮುಂದೆ ಇಟ್ಟ. "ಯಾವನೋ ಕಳ್ಳ ಮಾಡಿದ ಕೆಲಸ ನೋಡು. ಎಷ್ಟು ನಾಜೂಕಾಗಿ ಮಾಡಿದ್ದಾನೆ!"

ಅವಳು ಅದನ್ನು ತಿರುಗಿಸಿ ನೋಡಿದಳು. ಬೆಣೆಯ ತುದಿಯನ್ನು ಓರೆಯಾಗಿ ಸೀಳಿ, ಸೀಳಿನೊಳಗೆ ಇನ್ನೊಂದು ಪುಟ್ಟ ಬೆಣೆ ಕೂರಿಸಿತ್ತು.

"ರೀ, ನಮ್ಮ ತೊಟ್ಟಿಲಿನ ಕಾಲಿಗೆ ಹೀಗೇ ಅಲ್ವಾ ಇರೋದು? ನಿಮ್ಮ ಮನೆಯವರು ಬಿಟ್ಟು ಇನ್ಯಾರು ಹೀಗೆ ಸೀಳ್ತಾರೆ?"

ಅವನು ತೊಟ್ಟಿಲ ಬಳಿ ಹೋಗಿ ನೋಡಿದ. ಅದೇ ಓರೆ. ಅವನಿಗೆ ಅಪ್ಪ ಕಲಿಸಿದ್ದು, ಅಪ್ಪನಿಗೆ ಅವನಪ್ಪ. ಮೊದಲ ಬಾರಿಗೆ ಕಲಿಸಿದವನು ಹಡಗಿನ ಬಡಗಿಯಾಗಿದ್ದ. ಆ ಸಂಜೆ ಅವನು ಊಟ ಮಾಡಲಿಲ್ಲ. ಊರಿನ ಮೇಲೆ ಬಂದಿದ್ದ ಸಿಟ್ಟಿಗೆ ಈಗ ತನ್ನ ಮನೆಯ ಗೋಡೆಯೇ ಸಿಕ್ಕಿತ್ತು.

ಒಂದು ಸುಳ್ಳು ಸಿಕ್ಕ ಮೇಲೆ ಬಡಗಿ ಯಾವುದನ್ನೂ ನಂಬಲಿಲ್ಲ. ಬೇಸಿಗೆಯಲ್ಲಿ ಮಂಟಪದ ತೊಲೆಗಳು ಜಿನುಗುತ್ತಿದ್ದವು. ಊರಿನವರು ಅದನ್ನು ಹಿರಿಯರ ಬೆವರು ಎಂದು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಬಡಗಿ ಬತ್ತಿಯೊಂದನ್ನು ಅದರಲ್ಲಿ ಅದ್ದಿ ಹೊತ್ತಿಸಿದ. ಹೊಗೆಯಿಲ್ಲದೆ ಉರಿಯಿತು, ಮೀನಿನ ಕೊಬ್ಬಿನ ನಾತ ಬಂತು. ಮಾದರಿಯ ಮೇಲ್ಹಾಸಿನ ಅಟ್ಟದ ನಡುವೆ ಇಟ್ಟಿಗೆಯ ಪೀಠವೊಂದು ಇರುತ್ತಿತ್ತು, ಅದರ ಮೇಲೆ ಎರಡು ಪವಿತ್ರ ಕೊಪ್ಪರಿಗೆ, ಅಡಿಯಲ್ಲಿ ತೀರ್ಥದ ತೊಟ್ಟಿ. ನಿಜವಾದ ಕೊಪ್ಪರಿಗೆಗಳು ಮಂಟಪದ ಮೂಲೆಯಲ್ಲಿದ್ದವು. ಅವನ್ನು ಕಾಯುತ್ತಿದ್ದವರು ಪೀಠದವರು, ದಪ್ಪ ಹೊಟ್ಟೆಯ ಸಮಾಧಾನದ ಮನುಷ್ಯ.

"ಈ ಕೊಪ್ಪರಿಗೆಗಳ ಒಂದೊಂದು ಪಕ್ಕ ಯಾಕೆ ಚಪ್ಪಟೆ?" ಎಂದು ಬಡಗಿ ಕೇಳಿದ.

"ದೇವರ ಇಚ್ಛೆ ಕಣಯ್ಯ."

"ಚಪ್ಪಟೆ ಪಕ್ಕ ಚಪ್ಪಟೆ ಪಕ್ಕಕ್ಕೆ ತಾಗಿ ಕೂರಲಿ, ಒಂದೇ ಒಲೆಯ ಬೆಂಕಿ ಎರಡಕ್ಕೂ ಸಿಗಲಿ ಅಂತ. ತಳದಲ್ಲಿ ಮಸಿ ಇದೆ, ನೋಡಿ. ಅಡಿಯಲ್ಲಿ ನೀರು ಯಾಕೆ? ಹಡಗಿನ ಹಲಗೆಗೆ ಬೆಂಕಿ ಹತ್ತಬಾರದು ಅಂತ."

"ಅಂದ್ರೆ?"

"ಅಂದ್ರೆ ಇದು ಒಲೆ ಸ್ವಾಮಿ. ಇದರಲ್ಲಿ ಕೊಬ್ಬು ಕಾಯಿಸಿದಾರೆ."

ಪೀಠದವರು ಬಗ್ಗಿ ಕೊಪ್ಪರಿಗೆಯ ತಳಕ್ಕೆ ಬೆರಳೊತ್ತಿ ಮಸಿ ನೋಡಿಕೊಂಡರು. "ನಲವತ್ತು ವರ್ಷ ನಾನು ಒಲೆಗೆ ಹೂವೇರಿಸಿದೆ ಅಂತೀಯಾ? ಮನೇಲಿ ಹೇಳಿದ್ರೆ ನಗ್ತಾರೆ. ನಮ್ಮ ಮನೆ ಒಲೆಗೆ ಒಂದು ದಿನವೂ ಸೌದೆ ಒಡ್ಡಿದವನಲ್ಲ ನಾನು."

ಬಡಗಿ ನಗಲಿಲ್ಲ. ಮಂಟಪದಲ್ಲಿಟ್ಟು ಪೂಜಿಸುತ್ತಿದ್ದ ಯಾತ್ರೆಯ ಧ್ವಜಕಂಬಗಳ ಮೇಲಿನ ಜರಿಬಟ್ಟೆ ಬಿಚ್ಚಿದ. ಬಟ್ಟೆಯೊಳಗೆ ಕೊಕ್ಕೆಯ ಹಲ್ಲಿದ್ದ ಕಬ್ಬಿಣದ ಈಟಿ. ತಾನು ಬರೆದ ಚಿತ್ರ, ಅಳತೆ ಕಟ್ಟಿಕೊಂಡು ಮೂರು ಬಂದರು ತಿರುಗಿದ. ಮೂರನೆಯ ಬಂದರಿನಲ್ಲಿ ಒಂದು ಕಣ್ಣಿನ ಮುದಿ ನಾವಿಕನೊಬ್ಬ ಚಿತ್ರ ನೋಡಿ ಕೆಮ್ಮುವಷ್ಟು ನಕ್ಕ. "ಯಾತ್ರೆಯಂತೆ, ಯಾತ್ರೆ! ಇದು ತಿಮಿಂಗಿಲ ಬೇಟೆಯ ಹಡಗು ಮಾರಾಯ. ನಿಮ್ಮ ಮೀನು ದಾರಿ ತೋರಿಸ್ತಿರಲಿಲ್ಲ, ಪ್ರಾಣ ಉಳಿಸಿಕೊಳ್ಳೋಕೆ ಓಡ್ತಿತ್ತು."

ಬೇಟೆಯಾಡಿದ್ದಕ್ಕೆ ಬಡಗಿಗೆ ಸಿಟ್ಟಿರಲಿಲ್ಲ. ಹೊಟ್ಟೆಪಾಡಿಗೆ ಜನ ಏನೇನೋ ಮಾಡುತ್ತಾರೆ. ಒಲೆಯನ್ನು ಪೀಠ ಮಾಡಿ, ಈಟಿಗೆ ಜರಿ ಸುತ್ತಿ, ಒಂದು ಇಡೀ ದೋಣಿಯನ್ನು ಬೆಣೆ ಬಡಿದು ಮುಚ್ಚಿ, ಆಮೇಲೆ ಅದರ ಮುಂದೆ ಕಣ್ಣು ಮುಚ್ಚಿ ನಿಲ್ಲುವುದನ್ನು ಅವನು ಸಹಿಸದಾದ. ದೋಣಿ ಎಲ್ಲಿ ಹೋಯಿತು? ಅದರಲ್ಲಿದ್ದವರು ಎಲ್ಲಿ ಹೋದರು?

ಹೊಸ ಮಾದರಿಗೆ ಹಗ್ಗ ಬೇಕಾಗಿತ್ತು. ಹಗ್ಗದವಳ ಮನೆಗೆ ಹೋದ. ಅವಳು ತೆಂಗಿನ ನಾರಿನ ರಾಶಿಯ ನಡುವೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೊಸೆಯುತ್ತಿದ್ದಳು. ಅಂಗಳದಲ್ಲಿ ಅವಳ ತಾಯಿ ಚಾಪೆಯ ಮೇಲೆ ಮಲಗಿದ್ದಳು, ತರಗೆಲೆಯಷ್ಟು ಹಗುರವಾಗಿ.

"ಎಷ್ಟು ಉದ್ದ ಬೇಕು ಬಡಗಿ ಅಣ್ಣ?"

"ನೀವು ಸಾಮಾನ್ಯ ಎಷ್ಟು ಹೊಸೀತೀರಿ?"

"ನೂರಿಪ್ಪತ್ತು ಮಾರು. ನಮ್ಮ ಆರೂ ಮನೇಲಿ ಅಷ್ಟೇ. ನೂರಿಪ್ಪತ್ತಾದ ಕೂಡಲೇ ನಿಲ್ಲಿಸಿ, ಕೈ ತೊಳೆದು, ಸ್ವಲ್ಪ ಹೊತ್ತು ಸುಮ್ನೆ ನಿಲ್ತೀವಿ. ಆಮೇಲೆ ಬೇಕಾದ್ರೆ ಬೇರೆ ಶುರು ಮಾಡ್ತೀವಿ."

"ಯಾಕೆ?"

"ಯಾಕೆ ಅಂತ ನಮ್ಮಮ್ಮನಿಗೂ ಅವಳಮ್ಮ ಹೇಳಲಿಲ್ಲ. ನಿಲ್ಲಬೇಕು, ನಿಲ್ತೀವಿ. ಊರೋರು ಆಡ್ಕೊಳ್ತಾರೆ, ಹಗ್ಗಕ್ಕೆ ಹೆರಿಗೆ ಆಯ್ತಾ ಅಂತ."

ಬಡಗಿ ಮಂಟಪಕ್ಕೆ ಹೋಗಿ, ಈಗ ಅಲ್ಲಿ ಕಂಬವಾಗಿ ನಿಂತಿದ್ದ ಹಡಗಿನ ಹಿಂಗಂಬದ ಉಂಗುರದಲ್ಲಿ ಉಳಿದಿದ್ದ ಹಳೆಯ ಹಗ್ಗದ ತುಂಡನ್ನು ಬಿಚ್ಚಿ ಹೊಸ್ತಿಲು ದಾಟಿಸಿ ತಂದ. ಬಿರುಗಾಳಿಯಲ್ಲಿ ಅದು ತಾನಾಗಿ ಹರಿದದ್ದು ಎಂದು ಊರು ಹೇಳುತ್ತಿತ್ತು. ಅದನ್ನು ಹೊಸ್ತಿಲು ದಾಟಿಸುವುದು ಅಪರಾಧ. ಹಗ್ಗದವಳ ಅಂಗೈಯಲ್ಲಿ ಇಟ್ಟ.

ಅವಳು ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ಸವರಿ, ಮುಖ ಎತ್ತಿದಳು. "ಹರಿದ ಹಗ್ಗ ಮುದುಕರ ಗಡ್ಡದ ಹಾಗಿರುತ್ತೆ ಅಣ್ಣ, ಒಂದೆಳೆ ಉದ್ದ, ಒಂದೆಳೆ ಗಿಡ್ಡ. ಇದು ಸಮ ಇದೆ. ಇದನ್ನ ಕಡಿದಿದಾರೆ." ಇನ್ನೊಮ್ಮೆ ಸವರಿದಳು. "ಮೂರು ಎಳೆ, ಎಡಕ್ಕೆ ಹೊಸೆದದ್ದು. ಎಡಕ್ಕೆ ಹೊಸೆಯೋರು ಊರಲ್ಲಿ ನಾವು ಮಾತ್ರ."

ಚಾಪೆಯ ಮೇಲಿನ ಮುದುಕಿ ಕಣ್ಣು ಬಿಟ್ಟಳು. "ಆರು ಜನ," ಎಂದಳು. ಅವಳ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. "ದೋಣೀಲಿ ಆರು ಜನ ಕೂರೋದು. ನಮ್ಮಜ್ಜಿ ಮಲಗಿಸುವಾಗ ಹೇಳೋಳು. ಒಲೆ ಮೇಲೆ ಎಣ್ಣೆ ಕುದೀತಿತ್ತು, ಮೀನು ನಮ್ಮ ದೋಣಿ ಎಳೀತಿತ್ತು, ದೋಣಿ ಹಡಗನ್ನ ಎಳೀತಿತ್ತು, ಹಡಗು ವಾಲ್ತು. ಆಮೇಲೆ ಹೇಳ್ತಿರಲಿಲ್ಲ. ಬಾಯಿ ಮೇಲೆ ಕೈ ಇಟ್ಕೊಳ್ಳೋಳು."

ಬಡಗಿಗೆ ಇನ್ನು ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ. ತಿಮಿಂಗಿಲಕ್ಕೆ ಸಿಕ್ಕಿಬಿದ್ದ ದೋಣಿಯನ್ನು ಎಳೆದುಕೊಳ್ಳಲು ಹಡಗು ಹಗ್ಗ ಎಸೆದಿತ್ತು, ನೂರಿಪ್ಪತ್ತು ಮಾರು. ಕಾದ ಎಣ್ಣೆ ಚೆಲ್ಲೀತು ಅಂತ ಹಗ್ಗ ಕಡಿದರು. ಆರು ಜನರ ಹೆಂಡಿರು, ಈ ಆರು ಮನೆಗಳ ಮೂಲದ ಅಜ್ಜಿಯರು, ಹಡಗಿನಲ್ಲೇ ಇದ್ದರು, ಹಗ್ಗ ಹೊಸೆಯುತ್ತ. ಅವರನ್ನೂ ಈ ದಡಕ್ಕೆ ತಂದರು. ಅವರ ಗಂಡಂದಿರಿಗೆ ದೋಣಿಯೇ ಇರಲಿಲ್ಲ ಎಂದರು. ದೋಣಿಯಿಲ್ಲದವರಿಗೆ ಗುಡ್ಡವೂ ಇಲ್ಲ ಎಂದರು.

"ನನಗೆ ಬೇರೇನೂ ಬೇಡ ಅಣ್ಣ," ಎಂದಳು ಹಗ್ಗದವಳು. "ಇವಳನ್ನ ಕೆಸರಿಗೆ ಹಾಕಬಾರದು. ಅಪ್ಪನ್ನ ಹಾಕಿದ ದಿನ ಭರತ ತಡವಾಗಿ ಬಂತು. ನಾನು ದಡದಲ್ಲಿ ಕೂತು ಏಡಿ ಓಡಿಸ್ತಿದ್ದೆ. ಅಷ್ಟು ಮಾಡಿಕೊಡು."

"ದೋಣಿ ಮಾದರೀಲಿ ಇರುತ್ತೆ," ಎಂದ ಬಡಗಿ. "ಅದು ಇರಬೇಕಾದ ಜಾಗದಲ್ಲೇ ಇರುತ್ತೆ."

ಮಾತು ಊರಿನ ಕಿವಿಗೆ ಬಿತ್ತು. ಚುಕ್ಕಾಣಿಯ ಯಜಮಾನರು ಅವನನ್ನು ಕರೆಸಿದರು. ಊರಿನ ಹಿರಿಯ ಅವರೇ. ಒಳ್ಳೆಯ ಮಾತಿನವರು. ಯಾರಿಗಾದರೂ ಆಗದು ಎನ್ನಬೇಕಾದರೂ ಭುಜದ ಮೇಲೆ ಕೈ ಹಾಕಿಕೊಂಡೇ ಹೇಳುವುದು ಅವರ ರೂಢಿ.

"ಏನಯ್ಯ ಬಡಗಿ, ಒಲೆ ಅಂದ್ಯಂತೆ. ಇರಲಿ, ಹೋಮದ ಒಲೆ ಅಂದ್ರೆ ಆಯ್ತು. ಈಟಿ ಅಂದ್ಯಂತೆ. ಯಾತ್ರೆಗೆ ಹೋಗೋರಿಗೆ ಆತ್ಮರಕ್ಷಣೆ ಬೇಡ್ವಾ? ಅದೂ ಇರಲಿ. ಹೊಂದಿಸಿಕೊಂಡು ಹೋಗೋಣ."

"ಐದನೇ ದೋಣಿ, ಯಜಮಾನರೇ?"

"ಅದನ್ನೂ ಇಡು. ನಾನು ಬೇಡ ಅಂದ್ನಾ? ತಳದ ಕೋಣೆಯಲ್ಲಿ, ಪೀಪಾಯಿಗಳ ಹಿಂದೆ ಇಡು. ನಿನ್ನ ಮನಸ್ಸಿಗೂ ಸಮಾಧಾನ, ಊರಿನ ಕಣ್ಣಿಗೂ ಬೀಳಲ್ಲ."

"ದೋಣಿ ತಳದಲ್ಲಿ ಇರಲಿಲ್ಲ. ನೀರಲ್ಲಿತ್ತು. ಆರು ಜನ ಹುಟ್ಟು ಹಿಡಿದು ಕೂತಿದ್ದರು, ಹಡಗಿನ ಕಡೆ ಮುಖ ಮಾಡಿ."

"ನೀನು ನೋಡಿದ್ಯಾ?"

"ಅಳೆದಿದ್ದೇನೆ."

"ಅಳತೆ, ಅಳತೆ! ಅಳತೆಯಿಂದ ಊರು ನಡೆಯುತ್ತೇನಯ್ಯ? ನೂರಾರು ಮನೆಗಳು ಆ ಹಡಗಿನ ಮೇಲೆ ನಿಂತಿವೆ. ಆರು ಮನೆಗೋಸ್ಕರ ಅದನ್ನ ಅಲ್ಲಾಡಿಸ್ತೀಯಾ? ಯಾರೋ ಯಾವಾಗಲೋ ಮಾಡಿದ್ದು. ಇವತ್ತಿನೋರು ಯಾರು ಹಗ್ಗ ಕಡಿದಿದಾರೆ, ಹೇಳು?"

"ಇವತ್ತಿನೋರು ಹೆಣ ಕೆಸರಿಗೆ ಹಾಕ್ತಾ ಇದಾರೆ."

ಯಜಮಾನರು ಭುಜದ ಮೇಲಿನ ಕೈ ತೆಗೆದರು. "ಬೆಣೆ ಹೊಡೆದ ಕೈ ಯಾರ ಮನೇದು ಅಂತ ಊರಿಗೆ ಗೊತ್ತಾದ್ರೆ ನಿನ್ನ ಗತಿ ಏನು, ಯೋಚಿಸಿದ್ಯಾ?"

ಆಗ ಬಡಗಿಗೆ ಅರ್ಥವಾಯಿತು. ಇವರಿಗೆ ಎಲ್ಲವೂ ಗೊತ್ತಿತ್ತು. ಬೆಣೆ ಗೊತ್ತಿತ್ತು, ತೂತು ಗೊತ್ತಿತ್ತು, ಆರು ಜನ ಗೊತ್ತಿತ್ತು. ತಿಳಿಯದೆ ನಂಬಿದ್ದವರು ಪಾಪದ ಪೀಠದವರು ಮಾತ್ರ. ಇಷ್ಟು ದಿನ ಅವನು ತಪ್ಪು ಲೆಕ್ಕವನ್ನು ತಿದ್ದುತ್ತಿದ್ದೇನೆ ಅಂದುಕೊಂಡಿದ್ದ. ತಪ್ಪು ಅಲ್ಲಿರಲೇ ಇಲ್ಲ. ಅವರು ಹನ್ನೆರಡು ವರ್ಷಕ್ಕೊಮ್ಮೆ, ಸರಿಯಾಗಿ, ಗೊತ್ತಿದ್ದೇ ಅದನ್ನು ಮಾಡುತ್ತ ಬಂದಿದ್ದರು.

"ನಾನೇ ಹೇಳ್ತೇನೆ," ಎಂದು ಎದ್ದ.

ಹೊಸ ಮಾದರಿ ಕೂರಿಸುವ ದಿನ ಬೆಳಿಗ್ಗೆ ಹಗ್ಗದವಳ ತಾಯಿ ಸತ್ತಳು. ಆರು ಮನೆಯವರು ಚಟ್ಟ ಹೊತ್ತು ತಂದು ಅಂಗಳದಲ್ಲಿ, ತಮಗೆ ತೋರಿಸಿದ ಜಾಗದ ಪಕ್ಕದಲ್ಲಿ, ಇಳಿಸಿದರು. ಯಾರೂ ಅಳಲಿಲ್ಲ. ಕಾಯುವುದಕ್ಕೆ ಬಂದವರಂತೆ ನಿಂತರು.

ಮಂಟಪ ತುಂಬಿತ್ತು. ಹೊಸ ಮಾದರಿಯ ಮೇಲಿನ ಬಟ್ಟೆ ಸರಿಸಿದಾಗ ಜನ ಉಸಿರೆಳೆದುಕೊಂಡರು. ಅಟ್ಟದ ಮೇಲೆ ಒಲೆ, ಮಸಿ ಬಳಿದದ್ದು. ಕೊಪ್ಪರಿಗೆಗಳ ಚಪ್ಪಟೆ ಪಕ್ಕಗಳು ತಾಗಿ ಕೂತಿದ್ದವು. ಈಟಿಗಳಿಗೆ ಬಟ್ಟೆ ಇರಲಿಲ್ಲ. ನಾಲ್ಕು ದೋಣಿ ನೇತಾಡುತ್ತಿದ್ದವು, ಐದನೆಯ ಜೋಡಿ ಕೈಗಳು ಖಾಲಿಯಾಗಿ ಚಾಚಿಕೊಂಡಿದ್ದವು. ಹಿಂಗಂಬದ ಉಂಗುರದಿಂದ ಸಣ್ಣ ಹಗ್ಗವೊಂದು ಹೊರಟು, ಕಟ್ಟೆ ಇಳಿದು, ಜನರ ಕಾಲುಗಳ ನಡುವೆ ನೆಲದ ಮೇಲೆ ಹರಿದು, ಹೊಸ್ತಿಲು ದಾಟಿ ಹೋಗಿತ್ತು.

"ಐದನೆಯ ತೂತುಗಳಿಗೆ ಬೆಣೆ ಹೊಡೆದ ಕೈ ನಮ್ಮ ಮನೆಯದು," ಎಂದ ಬಡಗಿ. ಅವನ ದನಿ ಎತ್ತರವಿರಲಿಲ್ಲ. "ಅದು ಮೊದಲು ಗೊತ್ತಿರಲಿ. ಹಡಗಿನ ಇಪ್ಪತ್ತು ಮಾರು ಮಾದರಿಯ ಒಂದು ಮಾರು. ದೋಣಿ ಇದ್ದದ್ದು ಹಡಗಿನಿಂದ ನೂರಿಪ್ಪತ್ತು ಮಾರು ಆಚೆ. ಇಲ್ಲಿ ಆರು ಮಾರು. ಕಟ್ಟೆಯಿಂದ ಹೊಸ್ತಿಲಿಗೆ ಐದು. ಉಳಿದ ಒಂದು ಹೊರಗೆ. ನಾನು ಜಾಗ ಹುಡುಕಲಿಲ್ಲ, ಅಳತೆ ಅಲ್ಲಿಗೆ ಹೋಯಿತು."

ಜನ ತಿರುಗಿ ನೋಡಿದರು. ಅಂಗಳದಲ್ಲಿ, ಆರು ಮನೆಯವರು ತಲೆಮಾರುಗಳಿಂದ ನಿಂತ ಜಾಗದಲ್ಲಿ, ಒಂದು ಮೊಳದ ದೋಣಿ ಇತ್ತು. ಅದರಲ್ಲಿ ಹುಟ್ಟು ಹಿಡಿದ ಆರು ಮರದ ಗೊಂಬೆ, ಎಲ್ಲದರ ಮುಖ ಮಂಟಪದ ಕಡೆ. ಹಗ್ಗದ ತುದಿ ದೋಣಿಯ ಮೂತಿಗೆ ಬಿಗಿದಿತ್ತು. ಹಗ್ಗದವಳು ಬಗ್ಗಿ ತಮ್ಮ ಮನೆಯ ಪಾಲಿನ ಮೂರನೆಯ ಹುಟ್ಟಿಗೆ ತಾಯಿಯ ಹೆಸರಿನ ನೂಲು ಕಟ್ಟುತ್ತಿದ್ದಳು.

ಸೂರ್ಯ ನೆತ್ತಿಗೆ ಬರುವುದರೊಳಗೆ ಬಾಗಿಲು ಹಾಕಬೇಕು. ಬಾಗಿಲು ಹಾಕಿದಾಗ ಮಾದರಿ ಹೇಗಿರುತ್ತದೋ ಹಾಗೆ ನಡೆದದ್ದು, ಮುಂದಿನ ಹನ್ನೆರಡು ವರ್ಷ ಯಾರೂ ಅದರಲ್ಲಿ ಏನನ್ನೂ ಬದಲಿಸುವಂತಿಲ್ಲ. ಬಾಗಿಲಿಗೆ ಹಗ್ಗ ಅಡ್ಡವಿತ್ತು.

"ಹೊಸ್ತಿಲ ಹೊರಗಿನದು ಮಾದರಿ ಅಲ್ಲ," ಎಂದರು ಚುಕ್ಕಾಣಿಯವರು. "ಯಾರಾದ್ರೂ ಆ ಹಗ್ಗ ಕಡೀರಿ."

ಯಾರೂ ಕದಲಲಿಲ್ಲ. ಎಳನೀರು ಕೆತ್ತಲು ಮಚ್ಚು ತಂದಿದ್ದ ಪೀಠದವರ ಕಡೆ ಎಲ್ಲರೂ ನೋಡಿದರು. ಪೀಠದವರು ಮಚ್ಚನ್ನು ಮೆಲ್ಲಗೆ ನೆಲದ ಮೇಲಿಟ್ಟು ಹಿಂದೆ ಸರಿದರು. "ನನ್ನ ಕೈಲಾಗಲ್ಲ ಯಜಮಾನರೇ. ಒಲೆಗೆ ಪೂಜೆ ಮಾಡಿದ್ದೇ ಸಾಕು ನನಗೆ."

"ಹಾಯಿಕಂಬದವರೇ?"

ಹಾಯಿಕಂಬದವರು ಚಾವಣಿ ನೋಡಿದರು. ಬಿಸಿಲೇರಿತ್ತು. ತೊಲೆಗಳಿಂದ ಎಣ್ಣೆ ಜಿನುಗುತ್ತಿತ್ತು, ಇವತ್ತು ಯಾರೂ ಹಣೆ ಒಡ್ಡಲಿಲ್ಲ.

ಚುಕ್ಕಾಣಿಯವರು ಬಗ್ಗಿ ಮಚ್ಚು ಎತ್ತಿಕೊಂಡರು. ಹೊಸ್ತಿಲ ಒಳಗೆ ನಿಂತು, ಕಾಲಿನಿಂದ ಹಗ್ಗ ಮೆಟ್ಟಿ, ಒಂದೇ ಏಟಿಗೆ ಕಡಿದರು. ಎಡಕ್ಕೆ ಹೊಸೆದ ಮೂರು ಎಳೆ ಸಮವಾಗಿ ತುಂಡಾದವು. ಅಂಗಳದ ತುದಿ ಸ್ವಲ್ಪ ಹಿಂದಕ್ಕೆ ಸುರುಳಿಗೊಂಡಿತು. ದೋಣಿ ಅಲುಗಾಡಿ ನಿಂತಿತು.

ನಡೆದೇ ಇಲ್ಲ ಎಂದದ್ದನ್ನು ಇಡೀ ಊರು ಕಣ್ಣಾರೆ ನೋಡಿತ್ತು. ಹಿಂಗಂಬದಿಂದ ಐದು ಮಾರು ಹಗ್ಗ, ಕಡಿದ ತುದಿಯೊಂದಿಗೆ, ಮಾದರಿಯಲ್ಲಿ ಉಳಿದಿತ್ತು. ಬಾಗಿಲು ಹಾಕಿದರೆ ಅದೇ ನಡೆದದ್ದು. ಹಾಕದಿದ್ದರೆ ಎಲ್ಲರಿಗೂ ಕಾಣುತ್ತದೆ.

"ಈಗ ಮಾದರಿ ಸರಿಯಾಯಿತು," ಎಂದ ಬಡಗಿ. "ಇದೊಂದು ಕಮ್ಮಿ ಇತ್ತು. ನನ್ನ ಕೈಯಿಂದ ಅದನ್ನು ಮಾಡೋಕಾಗುತ್ತಿರಲಿಲ್ಲ."

ಅಂಗಳದಲ್ಲಿ ಆರು ಮನೆಯವರು ಚಟ್ಟ ಎತ್ತಿದರು. ಕೆಸರಿನ ಕಡೆ ತಿರುಗಲಿಲ್ಲ. ಹಗ್ಗದವಳು ಕಡಿದ ತುಂಡನ್ನು ದೋಣಿಯಿಂದ ಬಿಚ್ಚಿ, ಮುಂಗೈಗೆ ಸುತ್ತಿಕೊಂಡು ಮುಂದೆ ನಡೆದಳು. ಗುಡ್ಡದ ಕಾವಲಿನವನು ಜನರ ನಡುವೆಯೇ ನಿಂತಿದ್ದ. ಯಾವ ಭಾಗ ಎಂದು ಕೇಳುವುದಕ್ಕೆ ಬಾಯಿ ತೆರೆದವನು ಅವಳ ಮುಂಗೈ ನೋಡಿದ. ಬಾಯಿ ಮುಚ್ಚಿಕೊಂಡು ಓಡಿ ಹೋಗಿ ಗುಡ್ಡದ ಗೇಟು ತೆಗೆದ. ಮೊದಲು ಪೀಠದವರು ಚಟ್ಟದ ಹಿಂದೆ ಹೊರಟರು, ಆಮೇಲೆ ಬಡಗಿಯ ಹೆಂಡತಿ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಯಾರೂ ಚುಕ್ಕಾಣಿಯವರ ಮುಖ ನೋಡದೆ, ಕಡಿದ ಹಗ್ಗ ತುಳಿಯದೆ, ಹೊಸ್ತಿಲು ದಾಟಿದರು.

ಚುಕ್ಕಾಣಿಯವರು ಮಚ್ಚು ಹಿಡಿದು ಅಲ್ಲೇ ನಿಂತಿದ್ದರು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತೋಚಲಿಲ್ಲ.

ಬಡಗಿ ಸೊಂಟದಿಂದ ಗಂಟಿನ ದಾರ ತೆಗೆದು ಅವರ ಕೈಯ ಪಕ್ಕಕ್ಕೆ ಹಿಡಿದ.

"ಅಲುಗಾಡಬೇಡಿ ಯಜಮಾನರೇ," ಎಂದ. "ಮುಂದಿನ ಮಾದರಿಗೆ ಅಳತೆ ತಪ್ಪುತ್ತೆ."

ಹಿಡಿ ಒಂದು ಗೇಣು. ಅಲಗು ಒಂದೂವರೆ. ಹೆಬ್ಬೆರಳು ಹಿಡಿಯ ಮೇಲೆ, ಒತ್ತಿ. ಎಲ್ಲವನ್ನೂ ಬರೆದುಕೊಂಡ.